ಕೊಳಕ್ಕೆ ಬಿಟ್ಟ ಮೀನು

ಕಪಿಲೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲೊಬ್ಬರು ಗುರುಗಳಿದ್ದರು. ನಮ್ಮ ಕಡೆ ಇಂಥವರನ್ನು ಹೆಸರು ಹಿಡಿದು ಕರೆಯೋ ವಾಡಿಕೆ ಇಲ್ಲ, ಬುದ್ಧಿ ಅಂತೀವಿ. ಇವರೂ ಎಲ್ಲರಿಗೂ ಬುದ್ಧಿಯವರೇ.

ಈ ಬುದ್ಧಿಯವರು ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಟ್ಟವರಲ್ಲ. ಮಳೆ ಯಾವಾಗ ಬರುತ್ತೆ ಬುದ್ಧಿ ಅಂದರೆ, ಕೊಡೆ ಎಲ್ಲಿಟ್ಟಿದ್ದೀಯ ಅನ್ನೋರು. ಮಗಳ ಮದುವೆ ಯಾವಾಗ ಅಂದರೆ, ಅವಳಿಗೆ ನಗು ಯಾವಾಗ ಬರುತ್ತೆ ನೋಡಿದ್ದೀಯಾ ಅನ್ನೋರು. ಜನಕ್ಕೆ ಅದೇ ಇಷ್ಟ. ಬಸ್ಸು ಹತ್ತಿ ಬಂದು ಒಂದು ಒಗಟು ಕಟ್ಟಿಸಿಕೊಂಡು ಹೋಗೋರು, ಮನೇಲಿ ಕೂತು ವಾರಗಟ್ಟಲೆ ಬಿಡಿಸೋರು.

ಬುದ್ಧಿಯವರಿಗೂ ಅದು ಇಷ್ಟವೇ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತೆ.

ಆಶ್ರಮದ ಹಿಂದೆ ಕಲ್ಲುಮೆಟ್ಟಿಲಿನ ಒಂದು ಕೊಳ. ಅದರ ತುಂಬ ಗೆಂಡೆ ಮೀನು. ಮಧ್ಯಾಹ್ನ ಬಂದವರಿಗೆಲ್ಲ ಊಟ ಬಡಿಸಿ ಆದ ಮೇಲೆ ಬುದ್ಧಿಯವರು ಒಂದು ಹಿಡಿ ಅನ್ನ ತಂದು ಕೊಳಕ್ಕೆ ಹಾಕಬೇಕು. ಆಮೇಲೆಯೇ ಅವರ ಎಲೆಗೆ ಅನ್ನ. ಅವರ ಗುರುಗಳೂ ಹಾಗೇ ಮಾಡುತ್ತಿದ್ದರಂತೆ. ಆ ಕೊಳಕ್ಕೆ ಗಾಳ ಬಿದ್ದಿದ್ದನ್ನು ಕಂಡವರಿಲ್ಲ.

ಅನ್ನ ಬಿದ್ದ ಕೂಡಲೇ ನೀರು ಕುದಿಯೋ ಹಾಗೆ ಮೀನು ಏಳುತ್ತಿದ್ದವು. ಅವುಗಳಲ್ಲಿ ಒಂದು ಮುದಿ ಗೆಂಡೆಗೆ ಒಂದು ಕಣ್ಣು ಇರಲಿಲ್ಲ. ಬುದ್ಧಿಯವರು ಅದನ್ನು ಒಕ್ಕಣ್ಣವ್ವ ಅನ್ನೋರು. ಅದು ಅವರ ಅಂಗೈಯಿಂದಲೇ ಅನ್ನ ತಿನ್ನೋದು. ತಿಂದು ಸ್ವಲ್ಪ ಹೊತ್ತು ಅಂಗೈ ಮೇಲೇ ನಿಂತಿರೋದು.

ಶಿಷ್ಯ ಮರಿಮಲ್ಲ. ಹೊಳೆಯಾಚೆ ಪೇಟೆಯಲ್ಲಿ ಅವನ ಹಿಟ್ಟಿನ ಗಿರಣಿ. ಸೋಮವಾರ ಗಿರಣಿ ಮುಚ್ಚಿ ಆಶ್ರಮಕ್ಕೆ ಬರೋನು. ಬೆರಳಲ್ಲಿ ಒಂದು ತಾಮ್ರದ ಉಂಗುರ, ದೀಕ್ಷೆ ತಗೊಂಡ ದಿನ ಬುದ್ಧಿಯವರು ಹಾಕಿದ್ದು. ಒಳ್ಳೆಯವನು. ದಾರೀಲಿ ಇರುವೆ ಸಾಲು ಕಂಡರೆ ಸುತ್ತಿಕೊಂಡು ಹೋಗೋನು. ಸುತ್ತಿಕೊಂಡು ಹೋದೆ ಅಂತ ನಾಲ್ಕು ಜನಕ್ಕೆ ಹೇಳೋನು.

ಒಂದು ಸೋಮವಾರ ಮರಿಮಲ್ಲ ಕೇಳಿದ. "ಬುದ್ಧಿ, ದಯೆ ಅಂದ್ರೆ ಏನು?"

"ಒಂದು ಜೀವ ಸಾಕು," ಅಂದರು ಬುದ್ಧಿಯವರು. "ಆಮೇಲೆ ಕೇಳು."

ಮರಿಮಲ್ಲ ಮನೆಗೆ ಹೋಗಿ ಯೋಚನೆಗೆ ಕೂತ. ಹಸು ಕಟ್ಟೋಕೆ ಜಾಗ ಇಲ್ಲ. ನಾಯಿಯನ್ನು ಹೆಂಡತಿ ದುಂಡಮ್ಮ ಹೊಸಲು ದಾಟಿಸಲ್ಲ. ಬೆಕ್ಕು ತಂದರೆ ಗಿರಣಿಯ ಇಲಿ ಹಿಡಿಯುತ್ತೆ, ಅದೂ ಪಾಪ. ಗಿಳಿಗೆ ಪಂಜರ ಬೇಕು, ಅದು ಸೆರೆ. ಮೀನಾದರೆ ಬೊಗಳಲ್ಲ, ಕಚ್ಚಲ್ಲ, ಮನೆ ಗಲೀಜು ಮಾಡಲ್ಲ. ಗಾಜಿನ ತೊಟ್ಟಿ ಸೆರೆ ಅಲ್ಲವಾ ಅಂತ ಅವನಿಗೆ ಹೊಳೆಯಲೇ ಇಲ್ಲ.

ನಡುಮನೇಲಿ ಟಿವಿಗೂ ದೇವರ ಕೋಣೆಗೂ ನಡುವೆ ಅಕ್ವೇರಿಯಂ ಬಂತು. ಒಳಗೆ ಕೆಂಪು ಮೀನುಗಳು. ತಳದಲ್ಲಿ ಬಣ್ಣದ ಕಲ್ಲು, ಗುಳುಗುಳು ಗಾಳಿ ಬಿಡೋ ಒಂದು ಮಿಷನ್ನು. ದುಂಡಮ್ಮ ಮೊದಲು ಗೊಣಗಿದಳು, ಆಮೇಲೆ ಅವಳೂ ಟಿವಿ ಬಿಟ್ಟು ಅದನ್ನೇ ನೋಡೋಳು.

ಬಸ್‌ಸ್ಟ್ಯಾಂಡಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಮಾರೋನು ಒಂದು ದಿನ ಅವನಿಗೊಂದು ಕಪ್ಪು ಮರಿ ತೋರಿಸಿದ. ಬೆರಳುದ್ದ. ಬಾಯಿಯ ಸುತ್ತ ಮೀಸೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾರ್, ತಳದ ಕೊಳೆಯೆಲ್ಲ ಇದೇ ತಿಂದು ಗಾಜು ಸ್ವಚ್ಛ ಇಡುತ್ತೆ ಅಂದ. ಎಷ್ಟು ದೊಡ್ಡದಾಗುತ್ತೆ ಅಂತ ಅವನು ಹೇಳಲಿಲ್ಲ. ಮರಿಮಲ್ಲನೂ ಕೇಳಲಿಲ್ಲ. ಆ ಮೀಸೆ ನೋಡಿಯೇ ಅವನು ಸೋತುಹೋಗಿದ್ದ.

ಅದಕ್ಕೆ ಮೀಸೆರಾಯ ಅಂತ ಹೆಸರಾಯಿತು.

ಬೆಳಿಗ್ಗೆ ಗಿರಣಿಗೆ ಹೊರಡೋ ಮುಂಚೆ ಮರಿಮಲ್ಲ ಉಂಗುರದಿಂದ ಗಾಜಿಗೆ ಟಿಕ್ ಟಿಕ್ ಅಂತ ಕುಟ್ಟೋನು. ಮೀಸೆರಾಯ ಎಲ್ಲಿದ್ದರೂ ಬರೋದು. ಗಾಜಿನಾಚೆಯ ಬೆರಳಿನ ಹಿಂದೆಯೇ ಓಡಾಡೋದು. ಮಕ್ಕಳಿಲ್ಲದ ಮನೆ ಅದು. ಗಂಡ ಹೆಂಡತಿ ಇಬ್ಬರೂ ಅದರ ಆಟ ನೋಡಿ ನಗೋರು.

ಆಮೇಲೆ ಕೆಂಪು ಮೀನುಗಳು ಒಂದೊಂದಾಗಿ ಕಾಣದಾದವು.

ಕರಿಯನೇ ತಿಂದಿದ್ದಾನೆ ಅಂದಳು ದುಂಡಮ್ಮ. ಮರಿಮಲ್ಲ ನಂಬಲಿಲ್ಲ. ಹಾರಿ ಹೊರಗೆ ಬಿದ್ದಿರಬೇಕು, ಹಲ್ಲಿ ಎಳಕೊಂಡು ಹೋಗಿರಬೇಕು ಅಂತ ಸೋಫಾ ಸರಿಸಿ ಹುಡುಕಿದ. ಕೊನೆಯದನ್ನು ಮಾತ್ರ ಕಣ್ಣಾರೆ ನೋಡಿದ. ಮೀಸೆಯ ನಡುವಿಂದ ಒಂದು ಕೆಂಪು ಬಾಲ ಇನ್ನೂ ಅಲ್ಲಾಡ್ತಿತ್ತು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಸೋಮವಾರ ಬಂದು ಬುದ್ಧಿಯವರ ಮುಂದೆ ಗೋಳಾಡಿದ. ನನ್ನ ಮನೇಲೇ ಕೊಲೆಗಾರ ಬೆಳೀತಿದ್ದಾನೆ ಬುದ್ಧಿ ಅಂದ.

"ಅದರ ಹೊಟ್ಟೆ ಕೇಳಿದ್ದನ್ನ ಅದು ತಿಂತು," ಅಂದರು ಅವರು. "ನಿನ್ನ ಹೊಟ್ಟೆ ಏನು ಕೇಳ್ತಿದೆ?"

ಮರಿಮಲ್ಲ ಅದನ್ನು ದಾರಿಯುದ್ದಕ್ಕೂ ಬಿಡಿಸಿದ. ಸೇತುವೆ ದಾಟೋ ಹೊತ್ತಿಗೆ ಅವನಿಗೆ ಅರ್ಥ ಆಗಿಹೋಯಿತು. ಅಂದರೆ ಅವನಿಗೆ ಬೇಕಾದ ಅರ್ಥ ಸಿಕ್ಕಿತು. ಮೀನಿನ ಹೊಟ್ಟೆಯ ಚಪಲ ಬಿಡಿಸಬೇಕು, ಅದನ್ನು ಸಾಧು ಮಾಡಬೇಕು.

ಮಾರನೇ ದಿನದಿಂದ ಮೀಸೆರಾಯನಿಗೆ ರಾಗಿ ಮುದ್ದೆ. ಗೋಲಿಯಷ್ಟು ಉಂಡೆ ಕಟ್ಟಿ, ಉಂಗುರ ಕುಟ್ಟಿ ಹಾಕೋನು. ಅದು ತಿಂತು. ಅನ್ನ ಹಾಕಿದ, ತಿಂತು. ಕಡಲೆಹಿಟ್ಟು, ಚಪಾತಿ ಚೂರು, ಮಿಕ್ಕ ಉಪ್ಪಿಟ್ಟು, ಎಲ್ಲಾ ತಿಂತು. ಕಾಲೊರೆಸೋ ಚಾಪೆ ಹಾಕಿದ್ದರೂ ತಿಂತಿತ್ತೋ ಏನೋ.

ನಮ್ಮ ಮನೆ ಮೀನು ಮಾಂಸ ಬಿಟ್ಟಿದೆ ಅಂತ ಮರಿಮಲ್ಲ ಗಿರಣಿಗೆ ಬಂದವರಿಗೆಲ್ಲ ಹೇಳಿದ. ರಾಗಿ ಬೀಸೋಕೆ ಕೊಟ್ಟು ಜನ ಮನೆಗೆ ಹೋಗಿ ನೋಡಿ ಬರೋರು. ಕೆಲವರು ಕೈ ಮುಗಿದರು. ಯಾರೋ ಒಬ್ಬಾಕೆ ಗಾಜಿಗೆ ಕುಂಕುಮ ಇಟ್ಟಳು. ಮರಿಮಲ್ಲ ದಿನಾ ಬೆಳಿಗ್ಗೆ ಗಾಜಿನ ಮೇಲೆ ಮೂರು ಗೆರೆ ವಿಭೂತಿ ಎಳೆಯೋಕೆ ಶುರು ಮಾಡಿದ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ, ನೋಡ್ತಾ ಇರಿ," ಅಂದಳು ದುಂಡಮ್ಮ. ಅವಳ ಮಾತು ಯಾರು ಕೇಳಬೇಕು.

ರಾಗಿ ತಿಂದು ಮೀಸೆರಾಯ ಬೆಳೆದ. ಬೆರಳುದ್ದ ಇದ್ದದ್ದು ಮೊಣಕೈಯುದ್ದ ಆಯಿತು, ಮೊಣಕೈ ತೋಳಾಯಿತು. ಆ ತೊಟ್ಟಿಯಲ್ಲಿ ಅದಕ್ಕೆ ತಿರುಗೋಕೆ ಜಾಗ ಇಲ್ಲ. ಆ ಕಡೆ ಗಾಜಿಗೆ ಮೂತಿ, ಈ ಕಡೆ ಗಾಜಿಗೆ ಬಾಲ. ಮೂತಿ ಉಜ್ಜಿ ಉಜ್ಜಿ ಚರ್ಮ ಬೆಳ್ಳಗಾಯಿತು. ಆಗಾಗ ಮೇಲೆ ಬಂದು ಮನುಷ್ಯರ ಹಾಗೆ ಬಾಯಿಂದ ಗಾಳಿ ಎಳೆಯೋದು, ಕೆಳಗೆ ಹೋಗೋದು.

ಒಂದು ಬೆಳಿಗ್ಗೆ ದುಂಡಮ್ಮ ದೀಪ ಹಚ್ಚೋಕೆ ಹೋಗಿ ದೇವರ ಕೋಣೇಲಿ ಅದನ್ನು ತುಳಿದಳು. ತೊಟ್ಟಿಯ ಮುಚ್ಚಳ ತಳ್ಳಿ ಕೆಳಗೆ ಬಿದ್ದು, ರೆಕ್ಕೆ ಊರಿ ಊರಿ ನಡುಮನೆ ಉದ್ದಕ್ಕೂ ನಡೆದುಕೊಂಡು ಬಂದಿತ್ತು. ನೀರಿಲ್ಲದೆ ನೆಲದ ಮೇಲೆ ಬಿದ್ದಿದ್ದರೂ ಸತ್ತಿರಲಿಲ್ಲ, ಉಸಿರಾಡುತ್ತಿತ್ತು.

ಮರಿಮಲ್ಲನಿಗೆ ರೋಮಾಂಚನ. ದೇವರ ಹತ್ತಿರ ತಾನಾಗೇ ಬಂದಿದೆ ನೋಡು ಅಂದ.

"ಬಚ್ಚಲಿಗೆ ಹೊರಟಿತ್ತು ಕಣ್ರೀ," ಅಂದಳು ಅವಳು. "ದೇವರ ಕೋಣೆ ದಾರೀಲಿ ಸಿಕ್ತು."

ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿದರು. ಮೀಸೆರಾಯ ಮತ್ತೆ ಹೊರಗೆ ಬರಲಿಲ್ಲ. ಆದರೆ ಬೆಳೆಯೋದು ನಿಲ್ಲಬೇಕಲ್ಲ. ಗಾಜಿನ ಮೂಲೆಗೆ ಒತ್ತಿ ಒತ್ತಿ ಅದರ ಬೆನ್ನು ಸೊಟ್ಟಗಾಯಿತು. ಮರಿಮಲ್ಲ ಉಂಗುರ ಕುಟ್ಟಿದರೆ ತಿರುಗಿ ಬರೋಕಾಗದೆ ಬಾಲ ಮಾತ್ರ ಅಲ್ಲಾಡಿಸೋದು. ಅದನ್ನು ನೋಡಿ ಅವನು ಅತ್ತ. ಈ ಮಾತನ್ನು ಮಾತ್ರ ಯಾರೂ ತಮಾಷೆ ಮಾಡಬಾರದು. ಅವನು ನಿಜವಾಗಿ ಅತ್ತ.

ಮಾರಿದವನ ಹತ್ತಿರ ಹೋದರೆ ಬಸ್‌ಸ್ಟ್ಯಾಂಡಿನಲ್ಲಿ ಆ ಮನುಷ್ಯ ಇಲ್ಲ. ಇನ್ನೂ ದೊಡ್ಡ ತೊಟ್ಟಿ ತರೋಣ ಅಂದರೆ ನಡುಮನೆಯೇ ಸಾಲದು. ಆಗ ಅವನಿಗೆ ಆಶ್ರಮದ ಕೊಳ ನೆನಪಾಯಿತು.

ಆ ಸೋಮವಾರ ಬುದ್ಧಿಯವರು ಕೊಳದ ಮೆಟ್ಟಿಲ ಮೇಲೆ ಕೂತಿದ್ದರು. ಅಂಗೈಯಲ್ಲಿ ಅನ್ನ, ಅದನ್ನು ತಿಂತಿದ್ದ ಒಕ್ಕಣ್ಣವ್ವ. ಎಲ್ಲಿಂದಲೋ ಒಂದು ಬಸ್ಸು ಭಕ್ತರು ಬಂದು ಮೇಲಿನ ಮೆಟ್ಟಿಲುಗಳ ತುಂಬ ಕೂತಿದ್ದರು.

"ಬುದ್ಧಿ, ಅದು ಗಾಜಿನೊಳಗೆ ಸೊಟ್ಟಗಾಗಿಬಿಟ್ಟಿದೆ," ಅಂದ ಮರಿಮಲ್ಲ. "ಈಗದು ಸಾಧು. ಮುದ್ದೆ ತಿನ್ನುತ್ತೆ. ನಮ್ಮ ಕೊಳಕ್ಕೆ ಬಿಡಲಾ?"

ಬುದ್ಧಿಯವರು ಅಂಗೈ ನೋಡಿದರು. ಮೇಲೆ ಕೂತಿದ್ದ ಜನರನ್ನು ನೋಡಿದರು. ಎಲ್ಲರೂ ಕಿವಿ ಕೊಟ್ಟು ಕೂತಿದ್ದರು.

"ಕೊಳದಲ್ಲಿರೋರನ್ನ ಕೇಳಿದೆಯಾ?" ಅಂದರು.

ಜನ ಆಹಾ ಅಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಬುದ್ಧಿಯವರು ಕೈ ಒರೆಸಿಕೊಂಡು ಅವರ ಜೊತೆ ಒಳಗೆ ಹೋದರು.

ಮರಿಮಲ್ಲ ಮೆಟ್ಟಿಲ ಮೇಲೇ ಉಳಿದ. ಗುರು ಕೇಳು ಅಂದ ಮೇಲೆ ಕೇಳಬೇಕು. ಜೇಬಿನಲ್ಲಿ ಒಂದಿಷ್ಟು ಕಡ್ಲೆಪುರಿ ಇತ್ತು. ಅದನ್ನು ನೀರಿಗೆ ಹಾಕಿ, ಕೈ ಮುಗಿದು, ಅವ್ವಂದಿರಾ, ನನ್ನ ಮನೆಯಿಂದ ಒಬ್ಬ ಬರ್ತಾನೆ, ನಿಮ್ಮ ಜೊತೆ ಇರಬಹುದಾ ಅಂತ ಕೇಳಿದ. ಕೊಳದ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದವು.

ಪುರಿ ಹಾಕಿದರೆ ಬಾಯಿ ತೆರೆಯದ ಮೀನು ಎಲ್ಲಿದೆ ಹೇಳಿ. ಅವನಿಗೆ ಮಾತ್ರ ಅದು ಒಪ್ಪಿಗೆ ಅಂತ ಕಂಡಿತು.

ಮುಂದಿನ ಸೋಮವಾರ ಮೀಸೆರಾಯನನ್ನು ನೀಲಿ ಡ್ರಮ್ಮಿನಲ್ಲಿ ಆಟೋ ಮೇಲೆ ತಂದ. ಕಾಯಿ ಒಡೆದ, ಕರ್ಪೂರ ಹಚ್ಚಿದ, ಅದರ ತಲೆಗೆ ವಿಭೂತಿ ಇಟ್ಟ. ಡ್ರಮ್ಮು ಬಗ್ಗಿಸಿದಾಗ ಅದು ಮೆಟ್ಟಿಲ ಪಕ್ಕ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಜಾಗ ಇದೆ ಅಂತ ನಂಬಿಕೆ ಬರಲಿಲ್ಲವೋ ಏನೋ. ಆಮೇಲೆ ಒಂದು ಸಲ ಮೈ ಪೂರ್ತಿ ತಿರುಗಿಸಿತು, ಕೆಳಗೆ ಇಳಿಯಿತು. ಅದು ತಿರುಗಿದ್ದನ್ನು ನೋಡಿ ಮರಿಮಲ್ಲನಿಗೆ ಕಣ್ಣು ತುಂಬಿ ಬಂತು.

ಕರ್ಪೂರದ ವಾಸನೆಗೆ ಬುದ್ಧಿಯವರು ಹೊರಗೆ ಬಂದರು. ಖಾಲಿ ಡ್ರಮ್ಮು ನೋಡಿದರು.

"ಕೇಳಿದೆ ಬುದ್ಧಿ," ಅಂದ ಮರಿಮಲ್ಲ. "ಎಲ್ಲಾ ಒಪ್ಪಿದವು."

ಅವರು ಏನೋ ಹೇಳೋಕೆ ಬಾಯಿ ತೆರೆದರು. ಒಳಗಿಂದ ಯಾರೋ ಕರೆದರು. ಹೌದಾ ಅಂತಷ್ಟೇ ಅಂದು ಅವರು ಒಳಗೆ ಹೋದರು. ಆ ಹೊತ್ತಿಗಾದರೂ ಬಲೆ ತರಿಸಬಹುದಾಗಿತ್ತು. ಮೀನು ಇನ್ನೂ ಮೆಟ್ಟಿಲ ಹತ್ತಿರವೇ ತಳದಲ್ಲಿತ್ತು. ಈ ಕಥೆ ಹೇಳುವಾಗ ನನಗೆ ಪ್ರತಿ ಸಲ ಇಲ್ಲೇ ಹೊಟ್ಟೆ ಉರಿಯೋದು.

ಚಳಿ ಕಳೆಯಿತು. ಮೆಟ್ಟಿಲ ಅಂಚಿನಲ್ಲಿ ಪಿತಪಿತ ಅಂತ ಆಡುತ್ತಿದ್ದ ಮರಿಗಳು ಮೊದಲು ಕಾಣದಾದವು. ಮರಿಮಲ್ಲ ಮೀಂಚುಳ್ಳಿ ಹಕ್ಕಿಯ ಮೇಲೆ ತಪ್ಪು ಹೊರಿಸಿದ. ಆಮೇಲೆ ನಡುಗಾತ್ರದವೂ ಕಡಿಮೆಯಾದವು. ನೀರುಹಾವು ಅಂದ, ಬೆಳ್ಳಕ್ಕಿ ಅಂದ, ಆಚೆ ದಡದ ಬೆಸ್ತರು ಕದ್ದು ಬಲೆ ಹಾಕ್ತಿದ್ದಾರೆ ಅಂದ. ಕೊಳದ ಮೇಲೆ ಹಗ್ಗ ಎಳೆದು ಬಣ್ಣದ ಕಾಗದ ಕಟ್ಟಿದ, ದಂಡೇಲಿ ಬೆದರುಗೊಂಬೆ ನಿಲ್ಲಿಸಿದ. ಗಿರಣಿ ಮುಚ್ಚಿ ಬಂದು ಕೋಲು ಹಿಡಿದು ಕಾವಲು ಕೂತ. ಕಳ್ಳನನ್ನು ಒಳಗೆ ಬಿಟ್ಟು ಕೋಟೆ ಬಾಗಿಲು ಕಾಯೋದು ಅಂದರೆ ಇದೇ.

ಮೀಸೆರಾಯನ ಮೇಲೆ ಅವನಿಗೆ ಸಂಶಯ ಬರಲಿಲ್ಲವಾ ಅಂದರೆ, ಬಂದಿತ್ತು. ಬಂದಾಗಲೆಲ್ಲ ಅವನು ಬೆಳ್ಳಕ್ಕಿಗೆ ಇನ್ನೊಂದು ಕಲ್ಲು ಹೊಡೆಯೋನು.

ಬುದ್ಧಿಯವರು ದಿನಾ ಮೆಟ್ಟಿಲಿಗೆ ಬರೋರು. ಮಧ್ಯಾಹ್ನ ಅನ್ನ ಹಾಕೋರು. ನೀರು ಕುದಿಯೋದು ನಿಂತಿತ್ತು. ಅಲ್ಲೊಂದು ಇಲ್ಲೊಂದು ನೀರಿನ ಉಂಗುರ ಏಳೋದು, ಮುಳುಗಿದ ಅನ್ನ ತಳದಲ್ಲಿ ಬೆಳ್ಳಗೆ ಕಾಣೋದು. ಅಂಗೈಗೆ ಒಕ್ಕಣ್ಣವ್ವ ಮಾತ್ರ ಬರೋದು.

ಬೇಸಿಗೆಗೆ ಕೊಳ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಒಂದು ಸೋಮವಾರ ಮಧ್ಯಾಹ್ನ ಬುದ್ಧಿಯವರು ಕೆಳಗಿನ ಮೆಟ್ಟಿಲಿಗೆ ಇಳಿದು ಅಂಗೈ ನೀರಿಗೆ ಇಟ್ಟರು. ಮರಿಮಲ್ಲ ಪಕ್ಕದಲ್ಲೇ ಕೋಲು ಹಿಡಿದು ನಿಂತಿದ್ದ. ಒಕ್ಕಣ್ಣವ್ವ ಬರಲಿಲ್ಲ. ಅವರು ಕೈ ತೆಗೆಯದೆ ಕಾದರು.

ಕೆಳಗಿಂದ ಒಂದು ಅಗಲವಾದ ಕಪ್ಪು ತಲೆ ಮೇಲೆ ಬಂತು. ಮೊದಲು ಮೀಸೆ ಅಂಗೈಯನ್ನು ತಡವಿತು. ಆಮೇಲೆ ಬಾಯಿ ಅನ್ನವನ್ನೂ ಬೆರಳುಗಳನ್ನೂ ಸೇರಿಸಿ ಹಿಡಿದು, ಬೆರಳು ಬಿಟ್ಟು, ಅನ್ನ ನುಂಗಿತು. ಬುದ್ಧಿಯವರು ಕೈ ಹೊರಗೆ ತೆಗೆದು ನೋಡಿಕೊಂಡರು. ಬೆರಳು ತರಚಿ ರಕ್ತ ಜಿನುಗುತ್ತಿತ್ತು.

"ನಿನ್ನ ಹುಡುಗ ದೊಡ್ಡವನಾಗಿದ್ದಾನೆ ಕಣೋ," ಅಂದರು.

ಒಕ್ಕಣ್ಣವ್ವ ಕೊಳದ ಇನ್ನೊಂದು ಮೂಲೇಲಿ ಸಿಕ್ಕಿತು, ಜೊಂಡಿನ ಮಧ್ಯೆ. ಬಾಲ ಇರಲಿಲ್ಲ. ಬಾಯಿ ಇನ್ನೂ ತೆರೆದು ಮುಚ್ಚಿ ಮಾಡುತ್ತಿತ್ತು. ಬುದ್ಧಿಯವರು ಸೊಂಟದ ಮಟ್ಟ ನೀರಿಗಿಳಿದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕೈಯಲ್ಲೇ ಅದು ಹೋಯಿತು. ಅವರು ಮಕ್ಕಳ ಹಾಗೆ ಅತ್ತರು. ಅವರು ಅತ್ತಿದ್ದನ್ನು ಮರಿಮಲ್ಲ ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವನು ಕಾಲಿಗೆ ಬಿದ್ದ. "ಅದು ಮಾಂಸ ಬಿಟ್ಟಿತ್ತು ಬುದ್ಧಿ. ನಾನೇ ಬಿಡಿಸಿದ್ದೆ."

"ನಿನ್ನ ಮನೇಲಿ ಬೇರೇನೂ ಇರಲಿಲ್ಲ ಕಣಪ್ಪ," ಅಂದರು ಅವರು.

ಹೊಳೆಯ ಮೇಲ್ಗಡೆ ಗುಡುಗಿತು. ವರ್ಷದ ಮೊದಲ ಮಳೆಯ ಮೋಡ ಬೆಟ್ಟದ ಕಡೆಯಿಂದ ಇಳಿಯುತ್ತಿತ್ತು. ಮರಿಮಲ್ಲ ತಲೆ ಎತ್ತಿ ನೋಡಿದ. ನಡುಮನೆ ಉದ್ದಕ್ಕೂ ರೆಕ್ಕೆ ಊರಿ ನಡೆದದ್ದು ಅವನ ಕಣ್ಣ ಮುಂದೆ ಬಂತು. ಕೊಳಕ್ಕೂ ಹೊಳೆಗೂ ನಡುವೆ ಇರೋದು ಒಂದಿಷ್ಟು ಹುಲ್ಲು. ನೆಲ ಒದ್ದೆಯಾದರೆ ಸಾಕು, ಅದು ನಡೆದುಕೊಂಡೇ ಹೊಳೆಗೆ ಹೋಗುತ್ತೆ. ಅಲ್ಲಿಂದ ಮುಂದೆ ಯಾವ ಕಟ್ಟೆ, ಯಾವ ಮೆಟ್ಟಿಲು. ಇಡೀ ಕಪಿಲೆಯೇ ಅದರದ್ದು.

ಅವನು ಇದನ್ನೆಲ್ಲ ತೊದಲುತ್ತಾ ಹೇಳಿದ. ಮನೆಗೆ ವಾಪಸು ಒಯ್ಯೋಣ ಅಂದರೆ ತೊಟ್ಟಿ ಯಾವತ್ತೋ ಒಡೆದು ಹೋಗಿದೆ, ಇದ್ದಿದ್ದರೂ ಆ ಮೈ ಅದರಲ್ಲಿ ಹಿಡಿಯಲ್ಲ. ಇನ್ನೊಂದು ಕೆರೆಗೆ ಬಿಟ್ಟರೆ ಆ ಕೆರೆಯದೂ ಇದೇ ಗತಿ.

"ಏನು ಮಾಡಲಿ ಬುದ್ಧಿ?" ಅಂದ. "ಒಗಟು ಹೇಳಬೇಡಿ. ನನಗೆ ಬಿಡಿಸೋಕೆ ಬರಲ್ಲ. ಅವತ್ತೂ ಬರಲಿಲ್ಲ."

ಬುದ್ಧಿಯವರು ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತರು. ಒಕ್ಕಣ್ಣವ್ವನನ್ನು ಪಕ್ಕದಲ್ಲಿ ಒಂದು ಬಾಳೆಲೆಯ ಮೇಲೆ ಮಲಗಿಸಿದರು. ಮತ್ತೆ ಗುಡುಗಿತು.

"ಕರೆ ಅದನ್ನ," ಅಂದರು.

ಮರಿಮಲ್ಲನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವನು ಮೊಣಕಾಲು ಮಟ್ಟ ನೀರಿಗಿಳಿದು, ಬಗ್ಗಿ, ತಾಮ್ರದ ಉಂಗುರದಿಂದ ಮೆಟ್ಟಿಲ ಕಲ್ಲಿಗೆ ಕುಟ್ಟಿದ. ಟಿಕ್ ಟಿಕ್.

ಬರದೆ ಇರಲಿ ಅಂತ ಅವನು ಬೇಡಿಕೊಂಡನಂತೆ. ದುಂಡಮ್ಮನ ಹತ್ತಿರ ಆಮೇಲೆ ಹೇಳಿಕೊಂಡಿದ್ದು ಇದು.

ಅದು ಬಂತು. ಕೆಸರು ನೀರು ಸೀಳಿಕೊಂಡು ನೆಟ್ಟಗೆ ಅವನ ಕಾಲ ಹತ್ತಿರಕ್ಕೇ ಬಂತು. ಬೆನ್ನಿನ ಸೊಟ್ಟ ಹಾಗೇ ಇತ್ತು. ಮೀಸೆಯಿಂದ ಅವನ ಕೈ ತಡವಿ, ಉಂಡೆ ಸಿಗುತ್ತೆ ಅಂತ ಬಾಯಿ ತೆರೆಯಿತು. ಮರಿಮಲ್ಲ ಎರಡೂ ತೋಳಿಂದ ಅದನ್ನು ತಬ್ಬಿ ಎತ್ತಿದ. ಒದ್ದಾಡಲಿಲ್ಲ. ಆ ಕೈ ಅದಕ್ಕೆ ಗೊತ್ತಿತ್ತು.

ಮೆಟ್ಟಿಲ ಮೇಲೆ ಒದ್ದೆ ಗೋಣಿ ಹಾಸಿ ಮಲಗಿಸಿದ. ಅದು ಗಾಳಿ ಎಳೆದುಕೊಂಡು ಸುಮ್ಮನೆ ಬಿದ್ದಿತ್ತು.

ಬುದ್ಧಿಯವರು ಅಡುಗೆಮನೆಗೆ ಹೋಗಿ ರುಬ್ಬುಗುಂಡು ತಂದರು. ಮರಿಮಲ್ಲ ಕೈ ಚಾಚಿದ. "ಕೊಡಿ ಬುದ್ಧಿ. ಸಾಕಿದ್ದು ನಾನು."

"ಸಾಕಿದ್ದು ನೀನು. ಕೊಳಕ್ಕೆ ಬಿಟ್ಟಿದ್ದು ನಾನು," ಅಂದರು ಅವರು. "ಬೇಡ ಅನ್ನೋ ಮಾತು ಅವತ್ತು ನನ್ನ ನಾಲಿಗೆ ಮೇಲೇ ಇತ್ತು. ಸುತ್ತ ಜನ ಕೂತಿದ್ದರು. ಬರೀ ಬೇಡ ಅಂದರೆ ಏನು ಚೆಂದ ಅನ್ನಿಸ್ತು ಕಣಪ್ಪ."

ಕಣ್ಣು ಮುಚ್ಚಿಕೋ ಅಂತ ಅವನಿಗೆ ಹೇಳಿದರು. ಮರಿಮಲ್ಲ ಮುಚ್ಚಲಿಲ್ಲ. ಮೀನಿನ ಮೈ ಮೇಲೆ ಕೈ ಇಟ್ಟುಕೊಂಡು ಕೂತ. ಇರುವೆಯನ್ನೂ ನೋಯಿಸದ ಬುದ್ಧಿಯವರ ಕೈಗೆ ಹೊಡೆಯೋ ಅಂದಾಜು ಇರಲಿಲ್ಲ. ಒಂದೇಟಿಗೆ ಹೋಗಲಿಲ್ಲ. ಇನ್ನೊಮ್ಮೆ ಎತ್ತಬೇಕಾಯಿತು. ಅಷ್ಟು ಹೊತ್ತಿಗೆ ದಪ್ಪ ಹನಿ ಬೀಳೋಕೆ ಶುರುವಾಗಿತ್ತು.

ಬಾಳೆಗಿಡದ ಬುಡದಲ್ಲಿ ಒಂದೇ ಗುಂಡಿ ತೋಡಿ ಎರಡನ್ನೂ ಮಣ್ಣು ಮಾಡಿದರು. ಬುದ್ಧಿಯವರು ಅವತ್ತು ಸಂಜೆ ಪೂಜೆಗೆ ಕೂರಲಿಲ್ಲ. ಪೂಜೆ ಇಲ್ಲದೆ ಅವರು ಊಟ ಮಾಡೋರಲ್ಲ, ಊಟವನ್ನೂ ಮಾಡಲಿಲ್ಲ. ಮರಿಮಲ್ಲ ಮಳೇಲಿ ನೆನಕೊಂಡೇ ಸೇತುವೆ ದಾಟಿ ಮನೆಗೆ ಹೋದ. ಉಂಗುರ ಬಿಚ್ಚಿ ದೇವರ ಗೂಡಿನಲ್ಲಿಟ್ಟ. ದುಂಡಮ್ಮ ಏನಾಯಿತು ಅಂತ ಕೇಳಿದಳು, ಕೇಳಿಸಿಕೊಂಡಳು, ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಸೆರಗಿನಿಂದ ಅವನ ತಲೆ ಒರೆಸಿದಳು.

ಮಳೆಗಾಲದಲ್ಲಿ ಕೊಳ ತುಂಬಿತು. ಮೀನಿರಲಿಲ್ಲ. ಬುದ್ಧಿಯವರು ಮಧ್ಯಾಹ್ನ ಒಂದು ಹಿಡಿ ಅನ್ನ ಹಾಕೋದು ಬಿಡಲಿಲ್ಲ. ಅನ್ನ ಹಾಗೇ ಮುಳುಗೋದು. ಸೋಮವಾರ ಮರಿಮಲ್ಲ ಬಂದು ಅವರ ಪಕ್ಕ ಕೂರೋನು. ಅವನು ಏನೂ ಕೇಳುತ್ತಿರಲಿಲ್ಲ. ಅವರೂ ಒಗಟು ಹೇಳುತ್ತಿರಲಿಲ್ಲ. ಬಂದ ಭಕ್ತರಿಗೂ ಅವರ ಮಾತು ಕಡಿಮೆಯಾಯಿತು. ಬುದ್ಧಿಯವರಿಗೆ ವಯಸ್ಸಾಯಿತು ಪಾಪ ಅಂತ ಜನ ಮಾತಾಡಿಕೊಂಡರು.

ಹಾಗೇ ಒಂದು ಸೋಮವಾರ ಗಂಡ ಹೆಂಡತಿ ಕಾರಿನಲ್ಲಿ ಬಂದರು. ಆಕೆಯ ಕೈಯಲ್ಲಿ ಒಂದು ಗಾಜಿನ ಬೋಗುಣಿ, ಅದರಲ್ಲಿ ಅಂಗೈಯಗಲದ ಒಂದು ಆಮೆ, ಕಿವಿಯ ಹತ್ತಿರ ಕೆಂಪು ಪಟ್ಟೆ. ಹೊರದೇಶದ್ದು, ಅಂಗಡಿಯಿಂದ ತಂದು ಸಾಕಿದ್ದಂತೆ. ಈಗ ಬೋಗುಣಿ ಸಾಲದಂತೆ. ಮಗಳ ಹುಟ್ಟಿದ ದಿನಕ್ಕೆ ಒಂದು ಜೀವ ಬಿಡುಗಡೆ ಮಾಡಿದರೆ ಪುಣ್ಯ ಅಂತ ಯಾರೋ ಹೇಳಿದ್ದರಂತೆ. ಅವತ್ತೂ ಒಂದು ಬಸ್ಸು ಜನ ಬಂದಿದ್ದರು. ಮೆಟ್ಟಿಲ ತುಂಬ ಕೂತಿದ್ದರು.

"ಬುದ್ಧಿ, ಇದನ್ನ ಈ ಕೊಳಕ್ಕೆ ಬಿಡಲಾ?" ಅಂತ ಆಕೆ ಕೇಳಿದಳು.

ಮೆಟ್ಟಿಲ ಮೇಲಿದ್ದವರೆಲ್ಲ ಮುಂದಕ್ಕೆ ಬಗ್ಗಿದರು. ಮರಿಮಲ್ಲ ತಲೆ ಎತ್ತಲಿಲ್ಲ. ಉಂಗುರವಿಲ್ಲದ ಬೆರಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತಾ ನೀರು ನೋಡುತ್ತಿದ್ದ.

"ಬೇಡ ತಾಯಿ," ಅಂದರು ಬುದ್ಧಿಯವರು.

ಆಕೆ ಬೋಗುಣಿ ಹಿಡಿದು ನಿಂತೇ ಇದ್ದಳು. ಇನ್ನೂ ಏನೋ ಬರುತ್ತೆ ಅಂತ ಎಲ್ಲರೂ ಕಾದರು. ಬರಲಿಲ್ಲ. ಕೊನೆಗೆ ಮೇಲಿನ ಮೆಟ್ಟಿಲಿಂದ ಯಾರೋ ಒಬ್ಬರು ಕೈ ಮುಗಿದು, ಅದರ ಅರ್ಥ ಏನು ಬುದ್ಧಿ ಅಂತ ಕೇಳಿದರು.

ಬುದ್ಧಿಯವರು ಆ ಮನುಷ್ಯನ ಕಡೆ ತಿರುಗಿದರು.

"ಬೇಡ ಅಂತ."